ಬೇಸಿಗೆಯಲ್ಲಿ ಮಾಡಿದ ಎಳ್ಳಮಾವಾಸ್ಯೆ

ಬೀದರಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಾಕೆ ಇದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬುದ್ಧಿಯಲ್ಲಿ ಅಲ್ಲ. ಔರಾದಿನ ಒಂದು ದವಾಖಾನೆಗಾಗಿ ನಾವಿಬ್ಬರೂ ಒಂದು ಪ್ರೋಗ್ರಾಂ ಬರೆಯುತ್ತಿದ್ದೆವು. ನಾಯಿ ಕಚ್ಚಿದವರಿಗೆ ಸೂಜಿ ಹಾಕಿಸಿಕೊಳ್ಳುವ ದಿನ ಬೆಳಿಗ್ಗೆ ಅದು ತಾನೇ ಫೋನ್ ಮಾಡಿ ನೆನಪಿಸಬೇಕು. ಒಂದು ಸೂಜಿ ತಪ್ಪಿದರೂ ಜೀವಕ್ಕೆ ಕುತ್ತು.

ತೊಡಕು ಚಳಿಗಾಲದ ಎಳ್ಳಮಾವಾಸ್ಯೆಯದು. ಅಂದು ನಮ್ಮ ಕಡೆ ಊರಿಗೆ ಊರೇ ಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತದೆ. ಫೋನ್ ಮನೆಯಲ್ಲೇ ಬಡಿದುಕೊಳ್ಳುತ್ತ ಬಿದ್ದಿರುತ್ತದೆ. ಹಾಗಾಗಿ ಹಬ್ಬದ ದಿನದ ಸೂಜಿಗೆ ಹಿಂದಿನ ಸಂಜೆಯೇ ಫೋನ್ ಹೋಗಬೇಕು. ಬರೆದೆವು. ಆದರೆ ಸರಿಯಿದೆಯೇ ಎಂದು ನೋಡುವುದು ಹೇಗೆ? ಪ್ರೋಗ್ರಾಂ ನಡೆಯುವುದು ಕಂಪ್ಯೂಟರಿನ ಗಡಿಯಾರ ನೋಡಿ, ಹೊರಗೆ ಕಡು ಬೇಸಿಗೆ.

"ಹಬ್ಬ ಬರ್ಲಿ, ಆಗ ನೋಡಿದ್ರಾಯ್ತು," ಎಂದರು ಮಾಲೀಕರು.

"ಅವತ್ತೇ ತಪ್ಪಿದ್ರ ಯಾರಿಗಿ ಹೇಳ್ಬೇಕ್ರಿ ಸರ್?" ಎಂದಳು ಆಕೆ. "ಇದಕ್ಕ ಗಡಿಯಾರ ನೋಡೋ ಚಟ ಬಿಡಸ್ಬೇಕ್ರಿ. ಇವತ್ತ ಯಾವ ದಿನ ಅಂತ ನಾವೇ ಹೇಳೋಣು."

ಕೋಡ್ ಎಲ್ಲೆಲ್ಲಿ ತಾನೇ ಹೊತ್ತು ನೋಡಿಕೊಳ್ಳುತ್ತಿತ್ತೋ ಅದನ್ನೆಲ್ಲ ಕಿತ್ತು, ದಿನವನ್ನೂ ಹೊತ್ತನ್ನೂ ಹೊರಗಿನಿಂದ ಕೊಡುವಂತೆ ಮಾಡಿದಳು. ನಿತ್ಯದ ಕೆಲಸಕ್ಕೆ ನಿಜವಾದ ಗಡಿಯಾರ. ಟೆಸ್ಟಿಗೆ ನಾವು ಹೇಳಿದ್ದೇ ಗಡಿಯಾರ. ಬದಲಾದದ್ದು ಕೆಲವೇ ಸಾಲು. ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆಕಿಚ್ಚೂ ಆಯಿತು. ಫ್ಯಾನ್ ಬಿಸಿಗಾಳಿ ಊದುತ್ತಿದ್ದ ಆ ಮಧ್ಯಾಹ್ನ ಆಕೆ ಬೇರೆ ಬೇರೆ ವರ್ಷದ ತಾರೀಖು ಕೊಟ್ಟು ಒಂದರ ಮೇಲೊಂದು ಎಳ್ಳಮಾವಾಸ್ಯೆ ಮಾಡಿದಳು. ಜನವರಿ ಒಂದರ ಹಬ್ಬವೊಂದನ್ನು ಬಿಟ್ಟು ಎಲ್ಲ ಪಾಸಾದವು. ನಾವು ತಾರೀಖಿನಲ್ಲಿ ಒಂದು ಕಳೆದು ಹಿಂದಿನ ದಿನ ತೆಗೆಯುತ್ತಿದ್ದೆವು. ಒಂದರಲ್ಲಿ ಒಂದು ಹೋದರೆ ಸೊನ್ನೆ. ಸೊನ್ನೆ ತಾರೀಖಿಗೆ ಫೋನ್ ಹೋಗುವುದೆಲ್ಲಿಂದ? ಆ ಹೊತ್ತೇ ತಿದ್ದಿದೆವು.

ಆ ಸಲ ಹಬ್ಬ ಜನವರಿ ಒಂದಕ್ಕೇ ಬಂತು. ಎಕಂಬಾದಲ್ಲಿ ನನ್ನ ಸೋದರತ್ತೆಯ ಹೊಲಕ್ಕೆ ಹೋದರೆ ಭಜ್ಜಿ ಇತ್ತು, ಅತ್ತೆ ಇರಲಿಲ್ಲ. ಮಧ್ಯಾಹ್ನ ತೋಳು ಒತ್ತಿ ಹಿಡಿದುಕೊಂಡು ಔರಾದಿನಿಂದ ಬಂದಳು. ಕೆಲವು ದಿನದ ಹಿಂದೆ ನಾಯಿ ಕಚ್ಚಿತ್ತಂತೆ, ನಮಗ್ಯಾರಿಗೂ ಹೇಳಿರಲಿಲ್ಲ.

"ಹಬ್ಬದ ಗದ್ದಲದಾಗ ಸೂಜಿ ಮರ್ತೇ ಬಿಟ್ಟಿದ್ದೆ ತಮ್ಮಾ. ನಿನ್ನಿ ಸಂಜಿಕಿ ಒಬ್ಬಾಕಿ ಫೋನ್ ಮಾಡಿ, ತಪ್ಪಸ್ಬ್ಯಾಡ್ರಿ ಅಂದ್ಳು. ಮನಿ ಮಗಳು ಹೇಳ್ದಂಗ ಹೇಳಿದ್ಳು ನೋಡು."

ಪ್ರೋಗ್ರಾಮಿಗೆ ಧ್ವನಿ ಕೊಟ್ಟವಳೂ ನಮ್ಮ ಭಾಲ್ಕಿಯಾಕೆಯೇ. "ಆಕಿ ನಮ್ಮ ಆಫೀಸಿನಾಕಿ, ಅತ್ತಿ," ಎಂದೆ.

ಅತ್ತೆ ಕೂರಲೂ ಇಲ್ಲ. ಡಬ್ಬಿ ತುಂಬ ಭಜ್ಜಿ ಹಾಕಿ, ರೊಟ್ಟಿ ಸುತ್ತಿ, ನನ್ನ ಕೈಗಿಟ್ಟಳು.

"ಇದು ಆಕಿಗಿ ಮುಟ್ಟಸು. ಆಮ್ಯಾಲ ನಾ ಉಣ್ತೇನಿ."