ತೆಂಗಿನಕಾಯಿ ತೋರಿಸಿದ ವೈಫೈ

ತಲ್ಲೂರಿನ ಚಂದಯ್ಯ ಶೆಟ್ಟರು ನೀರು ನೋಡುವವರು. ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹಾಡಿಯಲ್ಲೋ ಹಿತ್ತಲಲ್ಲೋ ನಡೆಯುತ್ತಾ ಹೋದರೆ, ಕೆಳಗೆ ಒರತೆ ಇರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಕೋಟದಿಂದ ಬೈಂದೂರಿನವರೆಗೆ ಅವರು ತೋರಿಸಿದ ಬಾವಿಗಳಲ್ಲಿ ಜನ ಇವತ್ತೂ ನೀರು ಸೇದುತ್ತಿದ್ದಾರೆ. ವಿಜ್ಞಾನ ಇದನ್ನು ಒಪ್ಪುವುದಿಲ್ಲ. ವಿಜ್ಞಾನಕ್ಕೇನು, ಅದು ಬಾವಿಕಟ್ಟೆಯಲ್ಲಿ ಕೊಡಪಾನ ಹಿಡಿದು ನಿಲ್ಲಬೇಕಾಗಿಲ್ಲವಲ್ಲ.

ಮೂರು ವರ್ಷದ ಹಿಂದೆ ಕೋಟದ ಭೋಜರಾಜ ಶೆಟ್ಟರ ತೋಟದಲ್ಲಿ ಕಾಯಿ ನಿಂತಿತು. ಅಲ್ಲೇ ಬಾವಿ ತೋಡಿದರು. ನಲವತ್ತು ಅಡಿ ಇಳಿದರೂ ಕೆಂಪು ಧೂಳು ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಚಂದಯ್ಯನವರನ್ನು ಯಾರೂ ಕರೆಯಲಿಲ್ಲ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಯಾರಿಗೂ ಕಾಣದ ಹಾಗೆ ತಮ್ಮದೇ ಮನೆಯ ಬಾವಿಯ ಪಕ್ಕದಲ್ಲಿ ಪರೀಕ್ಷೆ ಮಾಡಿದಾಗಲೂ ಕಾಯಿ ಮಲಗಿದಲ್ಲಿಂದ ಏಳಲಿಲ್ಲ. ತನ್ನ ಕೈ ಸತ್ತುಹೋಯಿತೇ ಎಂಬ ಒಂದೇ ಚಿಂತೆ ಅವರನ್ನು ಒಳಗೊಳಗೇ ತಿನ್ನತೊಡಗಿತು.

ಹೀಗಿರುವಾಗ ಮನೆಗೆ ವೈಫೈ ಸಂಕಟ ಬಂತು. ಮಗಳು ಸೌಮ್ಯಶ್ರೀ ಮುಂಬೈಯಲ್ಲಿರುವ ನಮ್ಮೂರ ಹೋಟೆಲಿನವರ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತಾಳೆ. ರೌಟರ್ ಇರುವುದು ಮನೆಯ ಮುಂದಿನ ಚಾವಡಿಯಲ್ಲಿ, ಪಾಠ ನಡೆಯುವುದು ಹಿಂದಿನ ಕೋಣೆಯಲ್ಲಿ, ನಡುವೆ ಅಜ್ಜನ ಕಾಲದ ದಪ್ಪ ಮುರಕಲ್ಲಿನ ಗೋಡೆಗಳು. ಒಂದು ದಿನ 'ಆ' ಹೇಳಿಕೊಡುವಾಗ ಪರದೆಯ ಮೇಲೆ ಅವಳ ಮುಖ ಬಾಯಿ ತೆರೆದಲ್ಲಿಗೇ ನಿಂತುಬಿಟ್ಟಿತು. ಟೀಚರು ಮುಚ್ಚುವ ತನಕ ತಾವೂ ಮುಚ್ಚಬಾರದೆಂದು ಅಂಧೇರಿಯಿಂದ ಡೊಂಬಿವಲಿಯವರೆಗಿನ ಹದಿನಾಲ್ಕು ಮಕ್ಕಳು ಏಳು ನಿಮಿಷ ಬಾಯಿ ತೆರೆದುಕೊಂಡು ಕುಳಿತವು. ಒಬ್ಬ ತಾಯಿ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದಳಂತೆ.

ಸಿಗ್ನಲ್ಲನ್ನು ಹಿಂದಿನ ಕೋಣೆಗೆ ದಾಟಿಸುವ ಎಕ್ಸ್‌ಟೆಂಡರ್ ಎಂಬ ಪೆಟ್ಟಿಗೆ ತರಲು ಅಪ್ಪ ಮಗಳು ಕೀರ್ತನನ ಮೊಬೈಲ್ ಅಂಗಡಿಗೆ ಹೋದರು. ಅವನು ಮೂರು ತರಹದ್ದನ್ನು ಮುಂದಿಟ್ಟ. ಒಂದಕ್ಕೆ ಆಂಟೆನಾವೇ ಇಲ್ಲ, ಒಂದಕ್ಕೆ ಎರಡು, ಇನ್ನೊಂದಕ್ಕೆ ನಾಲ್ಕು. ಚಂದಯ್ಯನವರು ಒಂದೊಂದರ ಬೆನ್ನು ತಟ್ಟಿ, ಆಂಟೆನಾ ಹಿಡಿದು ಅಲ್ಲಾಡಿಸಿ, ಕಂಬಳಕ್ಕೆ ಕೋಣ ಕೊಳ್ಳುವವರ ಹಾಗೆ ಹಿಂದಿನಿಂದಲೂ ನೋಡಿದರು.

"ಕೋಡ್ ಇಲ್ಲದ್ದ್ ಬ್ಯಾಡ. ನಾಲ್ಕ್ ಕೋಡಿಂದ್ ನಾ ಹುಟ್ಟಿದ್ ಮೇಲೆ ಕಂಡದ್ದಿಲ್ಲೆ. ಎರಡ್ ಕೋಡಿಂದ್ ಕೊಡ್."

"ಕೋಡ್ ಕಂಡ್ ತಕಂಬುದಲ್ಲ ಶೆಟ್ರೆ," ಎಂದ ಕೀರ್ತನ್. "ಎಲ್ಲಿ ಇಡ್ತ್ರಿ ಅಂಬುದೇ ಮುಖ್ಯ. ರೌಟರಿಗೂ ರೂಮಿಗೂ ಮಧ್ಯ ಇಡಿ. ಸಿಗ್ನಲ್ಲೇ ಇಲ್ಲದ್ ಜಾಗದಗೆ ಇಟ್ರೆ ಅದಾರೂ ಎಲ್ಲಿಂದ ತಂದ್ ಕೊಡತ್ತ್?"

"ಹ್ವಾಯ್, ಜಾಗ ತೋರ್ಸುದ್ ನೀ ನಂಗೆ ಕಲ್ಸ್ತ್ಯಾ?"

ಬಾಯಿ ತಪ್ಪಿ ಬಂದ ಮಾತು. ಆಡಿದ ಮೇಲೆ ಉಳಿಸಿಕೊಳ್ಳಬೇಕಲ್ಲ! ಮನೆಗೆ ಬಂದವರೇ ಕಾಯಿಯನ್ನು ಅಂಗೈ ಮೇಲಿಟ್ಟು ಚಾವಡಿಯಿಂದ ಹಿಂದಿನ ಕೋಣೆಗೆ ಮೂರು ಸಲ ನಡೆದರು. ಹೆಂಡತಿ ಪ್ರಫುಲ್ಲಾ ಸೌಟು ಹಿಡಿದುಕೊಂಡೇ ನೋಡುತ್ತಿದ್ದಳು. ಕಾಯಿ ಹೆಣದ ಹಾಗೆ ಬಿದ್ದಿತ್ತು. ಪಾಠಕ್ಕೆ ಐದೇ ನಿಮಿಷ ಉಳಿದಿತ್ತು. ನಾಲ್ಕನೇ ಸಲ, ದಾರಿಯ ನಟ್ಟನಡುವೆ, ಅಕ್ಕಿ ಪೆಟ್ಟಿಗೆಯ ಮೇಲಿದ್ದ ಪ್ಲಗ್ಗಿನ ಹತ್ತಿರ, ಚಂದಯ್ಯನವರು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದರು. ಹೆಬ್ಬೆರಳಿನಿಂದ ಕಾಯಿಯನ್ನು ಮೆಲ್ಲಗೆ ಮೀಟಿದರು. ಕಾಯಿ ಎದ್ದು ನಿಂತಿತು.

ಎರಡು ಕೋಡಿನ ಪೆಟ್ಟಿಗೆಯನ್ನು ಅದೇ ಪ್ಲಗ್ಗಿಗೆ ಸಿಕ್ಕಿಸಿದರು. "ಅಪ್ಪಯ್ಯ, ಫುಲ್ ಬತ್ತಾ ಇತ್ತ್!" ಎಂದು ಒಳಗಿನಿಂದ ಮಗಳು ಕೂಗಿದಳು. ಚಂದಯ್ಯನವರಿಗೆ ಅಳು ಬಂದಂತಾಯಿತು. ಸಂತೋಷಕ್ಕಲ್ಲ.

ಸುದ್ದಿಗೆ ಎಕ್ಸ್‌ಟೆಂಡರ್ ಬೇಕಾಗಲಿಲ್ಲ. ತಿಂಗಳೊಳಗೆ ಹನ್ನೊಂದು ಮನೆಯವರು ಬಂದು ಕರೆದರು. ನೀರು ಕೇಳಲಿಕ್ಕಲ್ಲ, ವೈಫೈ ಕೇಳಲಿಕ್ಕೆ. ಅವರು ಎಲ್ಲ ಕಡೆ ಗಂಭೀರವಾಗಿ ನಡೆದು, ನಡುವಿನ ಪ್ಲಗ್ಗು ಕಂಡಲ್ಲಿ ಹೆಬ್ಬೆರಳು ಆಡಿಸಿ, ಎರಡು ಕೋಡಿನದ್ದೇ ತನ್ನಿ ಎಂದು ಹೇಳಿ ಬರುತ್ತಿದ್ದರು. ಗಂಗೊಳ್ಳಿಯ ಒಂದು ಮನೆಯಲ್ಲಿ ಆಂಟೆನಾಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಪಾಸ್‌ವರ್ಡ್ ಹಾಕಿದರು. ಊರಿಗೆಲ್ಲ ಅವರು ವೈಫೈ ಚಂದಯ್ಯನಾದರು. ಕೀರ್ತನ್ ಅಂಗಡಿಯಲ್ಲಿ ನಾಲ್ಕು ಕೋಡಿನ ಪೆಟ್ಟಿಗೆಗಳನ್ನು ಕೇಳುವವರೇ ಇಲ್ಲವಾದರು.

"ನಿಮ್ಮ ಹೆಬ್ಬೆಟ್ಟ್ ಈಗಳ್ ಭಾರಿ ಚುರ್ಕ್ ಆಯಿತ್ತಪ್ಪ," ಎಂದಳು ಪ್ರಫುಲ್ಲಾ ಒಂದು ಮಧ್ಯಾಹ್ನ, ಸಾರು ಬಡಿಸುತ್ತಾ. ಚಂದಯ್ಯನವರು ತಲೆ ಎತ್ತದೆ ಉಂಡರು. ಮೂವತ್ತೈದು ವರ್ಷ ಸಂಸಾರ ಮಾಡಿದವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಹನ್ನೆರಡನೆಯ ಕರೆ ಭೋಜರಾಜ ಶೆಟ್ಟರದ್ದು. "ನೀರಂತೂ ಸಿಕ್ಲಿಲ್ಲೆ ಮಾರಾಯ್ರೆ, ವೈಫೈ ಆರೂ ತೋರ್ಸಿ," ಎಂದು ಫೋನಿನಲ್ಲೇ ನಕ್ಕರು. ಹೋಗದಿದ್ದರೆ ಹೆದರಿದ ಎನ್ನುತ್ತಾರೆ. ಚಂದಯ್ಯನವರು ಕೋಟಕ್ಕೆ ಬಸ್ಸು ಹತ್ತಿದರು.

ಭೋಜರಾಜರ ಹೆಂಡತಿ ಸುಗುಣ ಗೇಟಿನ ಬಳಿ ಖಾಲಿ ಕೊಡಪಾನಗಳನ್ನು ಸಾಲಾಗಿಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಿದ್ದಳು. ಚಂದಯ್ಯನವರು ಅವಳ ಮುಖ ನೋಡಲಾರದೆ ಒಳಗೆ ನಡೆದರು. ಹಾಲ್ ತುಂಬಾ ಮುಖ ಕಾಣುವಂಥ ಹೊಸ ಗ್ರಾನೈಟು. ಪ್ಲಗ್ಗು ಆಚೆ ಗೋಡೆಯಲ್ಲಿತ್ತು, ಇನ್ನೂ ಹತ್ತು ಹೆಜ್ಜೆ ದೂರ. ಹೆಬ್ಬೆರಳನ್ನು ಸಿದ್ಧ ಮಾಡಿಕೊಳ್ಳುತ್ತಾ ಅವರು ಸೋಫಾದ ಪಕ್ಕ ಬಂದಿದ್ದರಷ್ಟೆ, ಕಾಯಿ ನಡುಗಿತು. ಮರುಕ್ಷಣವೇ ಸಟ್ಟನೆ ಎದ್ದು ನಿಂತಿತು.

ಚಂದಯ್ಯನವರು ಅದನ್ನು ಒತ್ತಿ ಮಲಗಿಸಿದರು. ಕೈ ತೆಗೆದರೆ ಮತ್ತೆ ಎದ್ದಿತು. ದೂರ ಹೋದರು, ಮಲಗಿತು. ಹೆಬ್ಬೆರಳನ್ನು ಅಂಗೈಯ ಹಿಂದಕ್ಕೆ ಮಡಚಿಕೊಂಡು ಬಂದರು, ನಿಂತಿತು. ಮೂರು ವರ್ಷದ ಮೇಲೆ, ಯಾರೂ ಮುಟ್ಟದೆ, ತಾನಾಗಿ.

"ಇಲ್ಲೇ ಇಡುದಾ? ಸೋಫಾದಡಿ ಪ್ಲಗ್ ಇಲ್ಲೆಯಲೆ," ಎಂದರು ಭೋಜರಾಜರು, ಎಕ್ಸ್‌ಟೆಂಡರನ್ನು ಪೆಟ್ಟಿಗೆಯಿಂದ ತೆಗೆಯುತ್ತಾ.

ಇನ್ನು ಹತ್ತು ಹೆಜ್ಜೆ ನಡೆದು ಗೋಡೆ ತೋರಿಸಿಬಿಟ್ಟಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು, ಕಾಫಿಯೂ ಸಿಗುತ್ತಿತ್ತು. ಚಂದಯ್ಯನವರು ಗೋಡೆಯ ಕಡೆ ಹೆಜ್ಜೆ ಇಡಲಿಲ್ಲ.

"ಇದ್ ವೈಫೈ ಅಲ್ಲ, ನೀರ್," ಎಂದರು.

ಭೋಜರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಲ್ ಮಧ್ಯ ಬಾವಿಯಾ? ಹಂಗಾರೆ ಆ ಹನ್ನೊಂದ್ ಮನಿಯಗೆ ತೋರ್ಸದ್ದ್ ಎಂತ?"

"ಅದ್ ಸುಳ್ಳ್. ಅಲ್ಲೆಲ್ಲ ನಾನೇ ಬೆರಳಗೆ ಎಬ್ಬಿಸದ್ದ್. ವೈಫೈ ನಂಗೆ ಎಂತದೂ ಗೊತ್ತಿಲ್ಲೆ. ಇದ್ ಮಾತ್ರ ನಾ ಎಬ್ಬಿಸದ್ದಲ್ಲ." ಹೆಬ್ಬೆರಳು ಕಾಣುವಂತೆ ಅವರು ಅಂಗೈಯನ್ನು ಮುಂದೆ ಚಾಚಿದರು. ಕಾಯಿ ಅಲ್ಲಾಡದೆ ನಿಂತಿತ್ತು.

ಇನ್ನು ಊರಿನವರ ಬಾಯಿಗೆ ತಾವೇ ತುತ್ತು ಎಂದು ಅವರಿಗೆ ಗೊತ್ತಿತ್ತು. ಆದರೂ ಎದೆ ಹಗುರಾಗಿತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಸುಗುಣ ಕೊಡಪಾನ ಕೆಳಗಿಟ್ಟು ಒಳಗೆ ಬಂದಳು. ಕಾಯಿಯನ್ನು ನೋಡಿದಳು, ಚಂದಯ್ಯನವರನ್ನು ನೋಡಿದಳು.

"ಎಷ್ಟ್ ಅಡಿಯಗೆ ಸಿಕ್ಕತ್ತ್ ಶೆಟ್ರೆ?"

ಆ ಪ್ರಶ್ನೆಯನ್ನು ಯಾರೂ ಕೇಳದೆ ಮೂರು ವರ್ಷವಾಗಿತ್ತು. ಚಂದಯ್ಯನವರಿಗೆ ಈ ಸಲ ಅಳು ತಡೆಯಲಾಗಲಿಲ್ಲ. "ಹದ್ನಾರ್," ಎಂದರು, ಕಣ್ಣೊರೆಸಿಕೊಳ್ಳದೆ.

ಸುಗುಣ ಸೆರಗು ಸಿಕ್ಕಿಸಿಕೊಂಡು ಸೋಫಾದ ಒಂದು ತುದಿ ಹಿಡಿದಳು. "ನೀವ್ ಆ ಬದಿ ಹಿಡ್ಕಣಿ," ಎಂದಳು ಗಂಡನಿಗೆ. ಭೋಜರಾಜರು ಎರಡು ಕೋಡಿನ ಎಕ್ಸ್‌ಟೆಂಡರನ್ನು ಎಲ್ಲಿಡುವುದೆಂದು ತಿಳಿಯದೆ ಒಂದು ಕ್ಷಣ ನಿಂತರು. ಕೊನೆಗೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೋಫಾ ಎತ್ತಲು ಬಗ್ಗಿದರು.