ನನ್ನ ಬಿಪಿ, ಅವಳ ಬಿಪಿ

ಸಿಟ್ಟು ಮಾಡದ ಮನುಷ್ಯನಿಗೆ ಬಿಪಿ ಬರುವುದಿಲ್ಲವೆಂದು ನಾನು ಮೂವತ್ತರವರೆಗೂ ನಂಬಿದ್ದೆ. ನಮ್ಮ ಬೆಳಗೋಡಿನ ಕಡೆ ಈ ನಂಬಿಕೆ ನನ್ನೊಬ್ಬನದ್ದಲ್ಲ. ಯಾರಾದರೂ ರೇಗಿದರೆ "ಅವ್ನಿಗೆ ಬಿಪಿ ಏರ್ತು ಕಣೋ" ಅಂದುಬಿಡುತ್ತೇವೆ. ಯಂತ್ರದ ಅಗತ್ಯವೇ ಬೀಳುವುದಿಲ್ಲ. ಈ ಲೆಕ್ಕದಲ್ಲಿ ನಮ್ಮ ಮನೆಯ ಬಿಪಿ ಪೂರ್ತಿ ನನ್ನ ಹೆಂಡತಿ ಗಿರಿಜೆಯ ಹೆಸರಿನಲ್ಲಿತ್ತು. ಅವಳಿಗೆ ಇಪ್ಪತ್ತೇಳು. ಬೆಳಿಗ್ಗೆ ಹಸುವಿನಿಂದ ಶುರುಮಾಡಿ ಪಂಪಿನ ಮೋಟರು, ಲೈನ್‌ಮ್ಯಾನ್, ಕೊನೆಗೆ ನಾನು, ಹೀಗೆ ಎಲ್ಲರನ್ನೂ ಬೈದು ಮುಗಿಸುವಷ್ಟರಲ್ಲಿ ಅವಳ ಕಾಫಿ ಆರಿರುತ್ತದೆ. ನಾನೋ, ಬೈಸಿಕೊಂಡು "ಹೂಂ" ಅಂದು ತೋಟಕ್ಕೆ ಹೋಗುವ ಪೈಕಿ.

ಹೋದ ಮಳೆಗಾಲದಲ್ಲಿ ಸಮುದಾಯ ಭವನದಲ್ಲಿ ಆರೋಗ್ಯ ತಪಾಸಣೆ ನಡೆದಾಗ ಅವಳನ್ನು ತೋರಿಸಲೆಂದೇ ಕರೆದುಕೊಂಡು ಹೋದೆ. ಜೊತೆಗೆ ಬಂದ ತಪ್ಪಿಗೆ ನನ್ನ ತೋಳಿಗೂ ಪಟ್ಟಿ ಸುತ್ತಿದರು. ಅವಳದ್ದು ಚೊಕ್ಕವಾಗಿತ್ತು. ನನ್ನದನ್ನು ಡಾಕ್ಟರಮ್ಮ ಮತ್ತೆ ಮತ್ತೆ ನೋಡಿದರು.

"ಹರೆಯದಲ್ಲಿ ಹೆಂಗಸರಿಗಿಂತ ಗಂಡಸರದ್ದು ಸಾಮಾನ್ಯವಾಗಿ ಸ್ವಲ್ಪ ಮೇಲೇ ಇರುತ್ತೆ. ವಯಸ್ಸಾಗ್ತಾ ಹೆಂಗಸರೂ ಜೊತೆ ಸೇರ್ಕೋತಾರೆ. ಆದ್ರೆ ನಿಮ್ಮದು ಹಾಗಂತ ಬಿಡೋ ಥರ ಇಲ್ಲ. ಉಪ್ಪು ಕಮ್ಮಿ ಮಾಡಿ, ಹದಿನೈದು ದಿನ ಬಿಟ್ಟು ಸಕಲೇಶಪುರಕ್ಕೆ ಬನ್ನಿ. ಆಗ್ಲೂ ಇಳೀದಿದ್ರೆ ಮಾತ್ರೆ" ಎಂದರು.

ಗಂಡಸರು ಮೇಲೆಂದು ಯಂತ್ರವೇ ಸಾಬೀತು ಮಾಡಿದ್ದು ಇದೊಂದು ವಿಷಯದಲ್ಲಿ. ಅದಕ್ಕೂ ಸಂತೋಷಪಡುವಂತಿಲ್ಲ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ನಮ್ಮಪ್ಪನೂ ಯಾವತ್ತೂ ದನಿ ಎತ್ತಿದವರಲ್ಲ. ಕಾಫಿ ಒಣಗಿಸುವ ಕಣದಲ್ಲಿ ಸುಮ್ಮನೆ ಕೂತಿದ್ದವರು ಪಕ್ಕಕ್ಕೆ ವಾಲಿದರು, ಅಷ್ಟೇ. ಬಿಪಿ ಇತ್ತೆಂದು ತಿಳಿದದ್ದು ಆಮೇಲೆ. ಮಾತ್ರೆ ಶುರುಮಾಡಿದರೆ ನಾನೂ ಅದೇ ಸಾಲಿಗೆ ಸೇರಿದಂತೆ ಎಂದು ಮನಸ್ಸು ಹಟ ಹಿಡಿಯಿತು.

ಕೆ. ಹೊಸಕೋಟೆಯ ನನ್ನ ಸೋದರಮಾವ ಫೋನಿನಲ್ಲೇ ಪರಿಹಾರ ಕೊಟ್ಟರು. "ಒತ್ತಡ ಅಂದ್ರೆ ಇನ್ನೇನ್ ಮಾರಾಯ, ರಕ್ತ ಜಾಸ್ತಿ ಆಗೈತೆ. ತೋಟದಲ್ಲಿ ಅಷ್ಟೊಂದು ಇಂಬಳ ಐತಲ್ಲ, ಕುಡೀಲಿ ಬಿಡು."

ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಹತ್ತದಂತೆ ನಾವೆಲ್ಲ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡೇ ತೋಟಕ್ಕಿಳಿಯುವುದು. ನಾನು ಸವರುವುದನ್ನು ಬಿಟ್ಟೆ. ಹಿಂದಿನ ವೈದ್ಯರೂ ಜಿಗಣೆ ಕಚ್ಚಿಸಿ ಕೆಟ್ಟ ರಕ್ತ ತೆಗೆಸುತ್ತಿದ್ದರಂತೆ; ಆದ್ದರಿಂದ ಇದು ಶಾಸ್ತ್ರೋಕ್ತವೇ ಎಂದುಕೊಂಡೆ. ವ್ಯತ್ಯಾಸವೆಂದರೆ, ಅಲ್ಲಿ ಎಷ್ಟು ಕುಡಿಯಬೇಕೆಂದು ವೈದ್ಯರು ತೀರ್ಮಾನಿಸುತ್ತಿದ್ದರು, ಇಲ್ಲಿ ಇಂಬಳಗಳೇ. ದಿನಾ ಸಂಜೆ ಹಳ್ಳದ ಬದಿಯಲ್ಲಿ ಪ್ಯಾಂಟು ಮಡಚಿಕೊಂಡು, ನೆಂಟರಿಗೆ ಊಟ ಬಡಿಸಿದವನಂತೆ ಕೂತಿರುತ್ತಿದ್ದೆ.

ಒಂದು ಸಂಜೆ ಗಿರಿಜೆ ಹುಡುಕಿಕೊಂಡು ಬಂದಳು. ನನ್ನ ಕಾಲೆಲ್ಲ ರಕ್ತ. ಇದ್ದ ವಿಷಯ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕೂತು ಇಂಬಳಗಳನ್ನು ಒಂದೊಂದಾಗಿ ಕಿತ್ತು ಎಸೆದಳು.

"ನಿಮ್ಮಪ್ಪ ಹೋದಂಗೆ ನೀವೂ ಹೋಗ್ಬುಟ್ರೆ ನಾನು ಯಾರನ್ನ ಬೈಕೊಂಡು ಬದುಕ್ಲಿ?" ಅಂದಳು. ನಾನು ಮಡಚಿದ್ದ ಪ್ಯಾಂಟು ಇಳಿಸಿಕೊಂಡು ಅವಳ ಹಿಂದೆ ಮನೆಗೆ ನಡೆದೆ.

ಮಾರನೇ ದಿನವೇ ಸಕಲೇಶಪುರದ ಬಸ್ಸು ಹತ್ತಿಸಿದಳು. ನನ್ನ ಬಿಪಿ ಇಂಬಳಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಹೇಗೂ ಬಂದಿದ್ದಾಳಲ್ಲ ಎಂದು ಅವಳದ್ದನ್ನೂ ನೋಡಿದರು. ಏರಿತ್ತು. "ಇದೇನಮ್ಮ, ಅವತ್ತು ಸರಿಯಾಗಿತ್ತಲ್ಲ?" ಎಂದು ಅವಳ ಮುಖ ನೋಡಿ, "ಸ್ವಲ್ಪ ಹೊತ್ತು ಕೂತಿರು, ಇನ್ನೊಂದ್ಸಲ ನೋಡೋಣ" ಅಂದರು.

ನಾನು ಎದುರಿನ ಅಂಗಡಿಯಿಂದ ಮಾತ್ರೆ ತಂದೆ. ಅವಳೆದುರೇ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದೆ.

ಮತ್ತೆ ಪಟ್ಟಿ ಸುತ್ತಿದರು. ಮಾತ್ರೆ ನುಂಗಿದ್ದು ನಾನು, ಇಳಿದದ್ದು ಅವಳದ್ದು.