ಹದಿನೆಂಟು ಲೈನುಗಳು

ಆಂಬುಲೆನ್ಸ್ ಕರೆಗಳ ಕಚೇರಿಯಲ್ಲಿ ಅವಳು ಎಲ್ಲರಿಗೂ ದೊಡ್ಡಕ್ಕ. ಅಲ್ಲಿನ ಮೇನ್‌ಫ್ರೇಮ್ ಕಂಪ್ಯೂಟರನ್ನು ಇಪ್ಪತ್ತಾರು ವರ್ಷ ಮಗುವಿನ ಹಾಗೆ ನೋಡಿಕೊಂಡವಳು. ಊರಿನ ಕರೆಗಳೆಲ್ಲ ಅದರೊಳಗಿಂದಲೇ ಹೋಗುತ್ತಿದ್ದುದರಿಂದ ಅದನ್ನು ಒಂದು ನಿಮಿಷವೂ ನಿಲ್ಲಿಸುವ ಹಾಗಿರಲಿಲ್ಲ. ನೆಟ್‌ವರ್ಕಿನಲ್ಲಿ ಏನೇ ಬದಲಾಯಿಸಿದರೂ ಅದು ಓಡುತ್ತಿರುವಾಗಲೇ ಬದಲಾಯಿಸಬೇಕಿತ್ತು.

ಅಂದು ಮಧ್ಯಾಹ್ನ ಕರೆಗಳು ಬರುವ ಹದಿನೆಂಟು ಟೆಲಿಫೋನ್ ಲೈನುಗಳನ್ನು ಹಳೇದರಿಂದ ಹೊಸದಕ್ಕೆ ಬದಲಿಸಿ, ಒಂದೊಂದರ ಹೊಸ ವಿಳಾಸದ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುವ ಕೆಲಸ. ಒಂಬತ್ತು ಲೈನು ಮುಗಿಯುವಷ್ಟರಲ್ಲಿ ಆಸ್ಪತ್ರೆಯಿಂದ ತಮ್ಮನ ಫೋನ್ ಬಂತು.

"ಅಕ್ಕಾ, ಡಾಕ್ಟರು ಕೈಚೆಲ್ಲಿಬಿಟ್ರು. ಅಪ್ಪ ನಿನ್ನನ್ನೇ ಕೇಳ್ತಿದಾರೆ, ಬೇಗ ಬಾ."

ಮೂರು ಗಂಟೆಗೆ ಟೆಲಿಫೋನಿನವರು ಹಳೇ ಲೈನುಗಳನ್ನು ಕತ್ತರಿಸಲಿದ್ದರು. ನಾಳೆಗೆ ಹಾಕಿ ಎಂದು ಬೇಡಿಕೊಂಡಳು, ಅವರು ಒಪ್ಪಲಿಲ್ಲ. ಈ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಅರ್ಧಕ್ಕೆ ಬಿಟ್ಟೆದ್ದರೆ ಅರ್ಧ ಊರಿನ ಕರೆಗಳು ಯಾರಿಗೂ ಮುಟ್ಟುತ್ತಿರಲಿಲ್ಲ.

"ಮುಕ್ಕಾಲು ಗಂಟೆ ಕಣೋ. ಬಂದೆ ಅಂತ ಅಪ್ಪಂಗೆ ಹೇಳು."

"ನಿನ್ನ ಕೆಲಸಕ್ಕಿಷ್ಟು ಬೆಂಕಿ ಹಾಕ!" ಎಂದು ತಮ್ಮ ಫೋನಿಟ್ಟ.

ಕಣ್ಣು ಮಂಜಾಗುತ್ತಿತ್ತು. ತಪ್ಪಾದೀತೆಂದು ಒಂದೊಂದು ಅಂಕಿಯನ್ನೂ ಬಾಯಿಬಿಟ್ಟು ಓದಿಕೊಂಡೇ ಒತ್ತಿದಳು. ಹದಿನೆಂಟೂ ಮುಗಿದವು, ಒಂದು ಕರೆಯೂ ತಪ್ಪಲಿಲ್ಲ. ಎದ್ದವಳೇ ಬರಿಗಾಲಲ್ಲಿ ಓಡಿದಳು.

ವಾರ್ಡಿಗೆ ಬಂದಾಗ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ಏನಾದ್ರೂ ಹೇಳಿದ್ರೇನೋ?"

"ಇಲ್ಲಕ್ಕ," ಎಂದ ತಮ್ಮ, ಗೋಡೆ ನೋಡುತ್ತಾ. "ನಿದ್ದೆಯಲ್ಲೇ ಹೋದ್ರು."

ಬಾಗಿಲು ಕಾಣುವ ಹಾಗೆ ಅಪ್ಪನ ತಲೆಯ ಕೆಳಗೆ ಎರಡು ದಿಂಬು ಏರಿಸಿಟ್ಟಿದ್ದರು. ಅದನ್ನು ಕಂಡ ಮೇಲೆ ಅವಳು ಮತ್ತೇನೂ ಕೇಳಲಿಲ್ಲ, ಅಪ್ಪನ ಕಾಲ ಬಳಿ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಿಗೆ ತಮ್ಮನೂ ಬಂದು ಅವಳ ಪಕ್ಕ ಕೂತ.